ಒರತೆಯ ತಲೆ ಕಡಿದು ಕಾಲಿಗೆ ಟ್ಯಾಂಕಿ ಕಟ್ಟುವವರಿಗೆ



ಈ ಬಾರಿ ಸ್ವಲ್ಪ ಖಾರವಾಗಿಯೇ ಬರೆಯುತ್ತಿದ್ದೇನೆ. ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಮೇಷ್ಟ್ರು, ಟೀಚರುಗಳು, ಪಿ.ಟಿ.ಎ.ಯವರು, ಹಳೆ ವಿದ್ಯಾರ್ಥಿಗಳು ಓದಬೇಕು ಅಂತಲೇ ಬರೆಯುತ್ತಿದ್ದೇನೆ. ಓದಿ ಸಿಟ್ಟು ಬಂದರೆ ಬರಲಿ, ತೊಂದರೆಯಿಲ್ಲ.

ಮೊದಲು ಒಂದು ಲೆಕ್ಕ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. 12 ಹೊಳೆಗಳಿವೆ. ಆದರೂ ಮಾರ್ಚಿ ತಿಂಗಳಿಗೆ ಶಾಲೆಯ ಬಾವಿ ತಳ ಕಾಣುತ್ತದೆ, ಪಂಚಾಯತಿನ ನೀರಿನ ಲಾರಿಗೆ ಕಾಯಬೇಕಾಗುತ್ತದೆ. ಇಷ್ಟು ಮಳೆಯ ನೀರೆಲ್ಲ ಎಲ್ಲಿ ಹೋಯಿತು ಎಂದು ಐದನೇ ತರಗತಿಯ ಮಗು ಕೇಳಿದರೆ ನಾವು ಏನು ಹೇಳುತ್ತೇವೆ? "ಕಾಡು ಕಡಿದರು, ಅದಕ್ಕೇ" ಅನ್ನುತ್ತೇವೆ. ಅದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಉಳಿದರ್ಧವನ್ನು ಯಾರೂ ಹೇಳುವುದಿಲ್ಲ, ಯಾಕೆಂದರೆ ಅದನ್ನು ಹೇಳಿದರೆ ನಮ್ಮೂರಿನವರೇ ಕೆಲವರ ಮುಖ ನೋಡಬೇಕಾಗುತ್ತದೆ.

ಕಾಡಿನೊಳಗಿನ ಒರತೆ ಕಾಡಿನೊಳಗೆ ಹುಟ್ಟುವುದಲ್ಲ. ಅದು ಹುಟ್ಟುವುದು ಮೇಲೆ, ಅಡ್ಕದಲ್ಲಿ. ಗುಡ್ಡದ ನೆತ್ತಿಯ ಮೇಲೆ ಚಪ್ಪಟೆಯಾಗಿ ಹರಡಿದ ಮುರಕಲ್ಲಿನ ಬಯಲು ಇದೆಯಲ್ಲ, ಅದೇ ಅಡ್ಕ. ಕೆಲವು ಕಡೆ ಪದವು ಅನ್ನುತ್ತೇವೆ. ನೋಡಲು ಬರಿಯ ಬಂಡೆ. ಮುಟ್ಟಿ ನೋಡಿದರೆ ತೂತು ತೂತು, ಜೇನುಹಲ್ಲೆಯ ಹಾಗೆ. ಆಟಿ ತಿಂಗಳ ಮಳೆ ಈ ತೂತುಗಳಲ್ಲಿ ಇಳಿಯುತ್ತದೆ. ಕೆಳಗೆ ಜೇಡಿಮಣ್ಣಿನ ಪದರ ಸಿಕ್ಕಿದಾಗ ಇನ್ನೂ ಇಳಿಯಲಾರದೆ ಅಡ್ಡಕ್ಕೆ ಮೆಲ್ಲನೆ ಸರಿಯುತ್ತದೆ. ಗುಡ್ಡದ ಇಳಿಜಾರಿನಲ್ಲಿ, ಮರಗಳ ಬುಡದಲ್ಲಿ, ಕಲ್ಲು ಮುಗಿದು ಮಣ್ಣು ಶುರುವಾಗುವಲ್ಲಿ ಹೊರಗೆ ಬರುತ್ತದೆ. ಅದನ್ನು ನಾವು ಒರತೆ ಎನ್ನುತ್ತೇವೆ, ತುಳುವಿನಲ್ಲಿ ಒಸರು, ಮಲಯಾಳದಲ್ಲಿ ಉರವ. ಭಾಷೆ ಮೂರಾದರೂ ನೀರು ಒಂದೇ. ನಮ್ಮ ಹಿರಿಯರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ತೋಡಿ, ಕರೆಂಟಿಲ್ಲದೆ, ಪಂಪಿಲ್ಲದೆ ಅಂಗಳಕ್ಕೆ ನೀರು ತಂದದ್ದೂ ಇದೇ ಲೆಕ್ಕಾಚಾರದ ಮೇಲೆ. ಅವರು ಜಿಯಾಲಜಿ ಓದಿರಲಿಲ್ಲ, ಗುಡ್ಡವನ್ನು ಓದಿದ್ದರು.

ಇನ್ನು ಆ ಒರತೆಯ ಬಳಿ ಯಾರೆಲ್ಲ ಇದ್ದಾರೆ ನೋಡೋಣ. ನಮ್ಮ ಮಕ್ಕಳಿಗೆ ವನ್ಯಜೀವಿ ಎಂದರೆ ಹುಲಿ, ಸಿಂಹ, ಜಿರಾಫೆ. ಒರತೆಯ ಕಲ್ಲಿನಡಿಯ ಏಡಿ ವನ್ಯಜೀವಿಯೆಂದು ಯಾರೂ ಹೇಳಿಕೊಟ್ಟಿಲ್ಲ. ಕಡಲ ಏಡಿಯ ಮರಿಗಳು ನೀರಿನಲ್ಲಿ ತೇಲಿಕೊಂಡು ಎಲ್ಲಿಗೋ ಹೋಗಬಲ್ಲವು. ಸಿಹಿನೀರಿನ ಏಡಿಯ ಮರಿ ಮೊಟ್ಟೆಯೊಳಗೇ ಪೂರ್ತಿ ಏಡಿಯಾಗಿ, ತಾಯಿಯ ಹೊಟ್ಟೆಯಡಿಗೆ ಅಂಟಿಕೊಂಡು, ಅಲ್ಲೇ ಸುತ್ತಮುತ್ತ ಬೆಳೆಯುತ್ತದೆ. ಒರತೆ ಬತ್ತಿದರೆ ಅದಕ್ಕೆ ಇನ್ನೊಂದು ವಿಳಾಸವಿಲ್ಲ. ಮಕ್ಕಳು "ಏರೋಪ್ಲೇನ್ ಚಿಟ್ಟೆ" ಅನ್ನುವ ಹುಳ ಬಾಲ್ಯವನ್ನೆಲ್ಲ ಕಳೆಯುವುದು ನೀರಿನೊಳಗೆ. ಮರಗಪ್ಪೆ ನೀರಿನ ಮೇಲಕ್ಕೆ ಬಾಗಿದ ಕೊಂಬೆಯಲ್ಲಿ ನೊರೆಯ ಗೂಡು ಕಟ್ಟುತ್ತದೆ, ಮರಿಗಳು ಅಲ್ಲಿಂದ ಕೆಳಗಿನ ನೀರಿಗೆ ಬೀಳಬೇಕು. ಕೆಳಗೆ ನೀರೇ ಇಲ್ಲದಿದ್ದರೆ? 2018ರಲ್ಲಿ ಕೇರಳ ಬುದ್ಧಮಯೂರಿಯನ್ನು ರಾಜ್ಯದ ಚಿಟ್ಟೆ ಎಂದು ಘೋಷಿಸಿತು. ಅಂಥ ಚಿಟ್ಟೆಗಳು ಉಪ್ಪಿನಂಶ ಹೀರಲು ಒದ್ದೆ ಮರಳಿಗೆ ಇಳಿಯುತ್ತವೆ. ಮುಂಜಾನೆ ಮನುಷ್ಯರ ಹಾಗೆ ಸಿಳ್ಳೆ ಹಾಕುವ ಸಿಳ್ಳಾರ ಹಕ್ಕಿ, ರಾತ್ರಿ ಬರುವ ಮುಳ್ಳುಹಂದಿ, ಕಾಡುಹಂದಿ, ಕಡವೆ, ಎಲ್ಲರ ಹಾಜರಿಯೂ ಒರತೆಯ ಕೆಸರಿನಲ್ಲಿ ಬಿದ್ದಿರುತ್ತದೆ. ನಮ್ಮ ಹಾಜರಿ ಪುಸ್ತಕಕ್ಕಿಂತ ಪ್ರಾಮಾಣಿಕವಾದ ಹಾಜರಿ ಅದು.

ಕಲ್ಲಿನ ಒಳಗೂ ಜೀವ ಉಂಟು. ಕೇರಳದ ಮುರಕಲ್ಲಿನ ಅಂತರ್ಜಲದಲ್ಲಿ, ಬೆಳಕೇ ಕಾಣದೆ ಬದುಕುವ ಮೀನುಗಳಿವೆ. ಕೋಟ್ಟಯಂ ಕಡೆಯ ಬಾವಿಯಿಂದ ಬಂದ ಕಣ್ಣಿಲ್ಲದ ಕೆಂಪು ಮೀನು ಹೊರಾಗ್ಲಾನಿಸ್ ಕೃಷ್ಣಾಯಿಯನ್ನು 1950ರಲ್ಲೇ ವಿವರಿಸಿದ್ದರು. ಹಾವಿನಂತಿರುವ ಏನಿಗ್ಮಚನ್ನಾ ಗೊಲ್ಲಮ್ ಎಂಬ ಮೀನು 2019ರಲ್ಲಿ ಮಲಪ್ಪುರಂ ಜಿಲ್ಲೆಯಿಂದ ಲೋಕಕ್ಕೆ ಗೊತ್ತಾಯಿತು. ಅಂದರೆ ನಾವು "ಬರೀ ಕಲ್ಲು" ಅನ್ನುವುದರ ಒಳಗೆ ಒಂದು ಕತ್ತಲೆಯ ಹೊಳೆಯೇ ಇದೆ.

ಈಗ ನಮ್ಮ ಜಿಲ್ಲೆಯದ್ದೇ ಉದಾಹರಣೆ. ಪೆರಿಯದ ಮುರಕಲ್ಲಿನ ಮೇಲೆ ಹರಿಯುವ ತೋಡಿನಲ್ಲಿ, ನೀರಿನೊಳಗೇ ಗಡ್ಡೆ ಬಿಟ್ಟು ಬಿಳಿ ಹೂವಾಗುವ ಒಂದು ಗಿಡ ಇದೆ. ಕ್ರೈನಮ್ ಮಲಬಾರಿಕಮ್ ಎಂದು ಅದಕ್ಕೆ ಹೆಸರಿಟ್ಟು 2012ರಲ್ಲಿ ಹೊಸ ಪ್ರಭೇದವಾಗಿ ವಿವರಿಸಿದರು. ಮಲಯಾಳದಲ್ಲಿ ಪೆರಿಯ ಪೋಳತ್ತಾಳಿ. 2023ರಲ್ಲಿ ಅದನ್ನು ಕಾಸರಗೋಡು ಜಿಲ್ಲೆಯ ಹೂವೆಂದು ಘೋಷಿಸಿದರು. ಜೊತೆಗೆ ಕಾಸರಕ ಜಿಲ್ಲೆಯ ಮರ, ಬಿಳಿಹೊಟ್ಟೆಯ ಕಡಲಹದ್ದು ಜಿಲ್ಲೆಯ ಹಕ್ಕಿ, ಚಂದ್ರಗಿರಿ ಹೊಳೆಯ ಮೆದುಚಿಪ್ಪಿನ ದೈತ್ಯ ಆಮೆ ಜಿಲ್ಲೆಯ ಜೀವಿ. ಬಹಳ ಸಂತೋಷ. ಕ್ವಿಜ್ಜಿಗೆ ನಾಲ್ಕು ಪ್ರಶ್ನೆ ಸಿಕ್ಕಿತು. ಆದರೆ ಹೂವಿಗೆ ಪಟ್ಟ ಕಟ್ಟಿದವರು ಹೂವಿನ ನೀರು ಎಲ್ಲಿಂದ ಬರುತ್ತದೆಂದು ತಲೆಯೆತ್ತಿ ನೋಡಿದರೇ? ಹೂವಿಗೆ ಸನ್ಮಾನ, ಅದರ ನೆತ್ತಿಯ ಅಡ್ಕಕ್ಕೆ ಜೆಸಿಬಿ. ಇದೆಂಥ ನ್ಯಾಯ ಮಾರಾಯ್ರೆ?

ಅಡ್ಕದ ಮೇಲೆ ನಡೆಯುತ್ತಿರುವುದನ್ನು ಬಿಡಿಸಿ ಹೇಳಬೇಕೇ? ಕಲ್ಲಿನ ಕೋರೆಯವರು ಯಂತ್ರದಲ್ಲಿ ಕೊಯ್ದು ಇಪ್ಪತ್ತು ಮೂವತ್ತು ಅಡಿ ಆಳಕ್ಕೆ ಹೋಗುತ್ತಾರೆ. ರಸ್ತೆಗೆ ಮಣ್ಣು ಬೇಕು ಎಂದು ಗುಡ್ಡವನ್ನೇ ಲಾರಿಗೆ ಹತ್ತಿಸುತ್ತಾರೆ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿದು ಬಿತ್ತು. ನೀರು ಅಡ್ಡಕ್ಕೆ ಸರಿಯುವ ದಾರಿಯನ್ನು ನೆಟ್ಟಗೆ ಕಡಿದು ಗೋಡೆ ಮಾಡಿದರೆ ನೀರು ಗೋಡೆಯನ್ನೇ ದೂಡುತ್ತದೆ, ಇದನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಇದರ ಮೇಲೆ 1980ರ ದಶಕದಿಂದ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಂದ ಅಕೇಶಿಯಾ. ಜೂನ್ 5 ಬಂತೆಂದರೆ ಅಡ್ಕದ ಹುಲ್ಲಿನ ಬಯಲಿನಲ್ಲೇ ಗುಂಡಿ ತೋಡಿ ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮ ಬೇರೆ! ಆ ಬಯಲಿನಲ್ಲಿ ಮಳೆಗಾಲಕ್ಕೆಂದೇ ಹುಟ್ಟುವ ಪುಟ್ಟ ಪುಟ್ಟ ಹೂಗಿಡಗಳಿವೆ, ಪಳ್ಳಗಳಿವೆ. ಮರವಿಲ್ಲದ ಜಾಗವೆಲ್ಲ ಬಂಜರು ಎಂಬ ಪಾಠವನ್ನು ನಮ್ಮ ಶಾಲೆಗಳು ಮೊದಲು ಅಳಿಸಬೇಕು.

"ಅಡ್ಕದ ಮೇಲೆ ಮಾಡಿದ್ದಕ್ಕೂ ಬೈಲಿನ ನೀರಿಗೂ ಏನು ಸಂಬಂಧ?" ಎಂದು ಕೇಳುವವರಿಗೆ ಕಾಸರಗೋಡಿನವರು ಉತ್ತರ ಹುಡುಕಿಕೊಂಡು ಹೋಗಬೇಕಾಗಿಲ್ಲ. 1970ರ ದಶಕದ ಕೊನೆಯ ವರ್ಷಗಳಿಂದ 2000ನೇ ಇಸವಿಯವರೆಗೆ ಗುಡ್ಡದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸುರಿದದ್ದು ಗುಡ್ಡಕ್ಕೆ. ಅನುಭವಿಸಿದ್ದು ಕೆಳಗಿನ ಪಡ್ರೆ, ಎಣ್ಮಕಜೆ, ಬೆಳ್ಳೂರು, ಮುಳಿಯಾರುಗಳ ತೋಡು, ಸುರಂಗ, ದನಕರು, ತಾಯಂದಿರು, ಮಕ್ಕಳು. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕೆಂದು ಹೇಳಿದ್ದು 2017ರಲ್ಲಿ. ಗುಡ್ಡ ಮತ್ತು ಬೈಲು ಒಂದೇ ದೇಹವೆಂದು ಇಷ್ಟು ದೊಡ್ಡ ಬೆಲೆ ಕೊಟ್ಟು ಕಲಿತ ಜಿಲ್ಲೆ ಇನ್ನೊಂದಿಲ್ಲ. ಆದರೂ ಗುಡ್ಡ ಕೊರೆಯುವಾಗ ಬಾಯಿ ಮುಚ್ಚಿಕೊಂಡಿದ್ದೇವೆ.

ಇನ್ನು "ಒರತೆ ಅಭಿವೃದ್ಧಿ" ಎಂಬ ಕೆಲಸ. ಮೇಲೆ ಕೋರೆ ನಡೆಯುತ್ತಿರುತ್ತದೆ. ಕೆಳಗೆ ಒರತೆಯ ಬಾಯಿಗೆ ಕಾಂಕ್ರೀಟಿನ ಪೆಟ್ಟಿಗೆ, ಕಬ್ಬಿಣದ ಮುಚ್ಚಳ, ಪೈಪು, ಉದ್ಘಾಟನೆಯ ಕಲ್ಲು. ಒಂದು ತೊಟ್ಟೂ ಹೊರಗೆ ಹರಿಯದ ಹಾಗೆ ಬಂದೋಬಸ್ತು. ಏಡಿ, ಕಪ್ಪೆ, ಹಕ್ಕಿ ಎಲ್ಲಿಗೆ ಹೋಗಬೇಕು? ಮುಳ್ಳುಹಂದಿ ಪಂಚಾಯತಿಗೆ ಅರ್ಜಿ ಕೊಡಬೇಕೇ? ತಲೆ ಕಡಿದ ಮೇಲೆ ಕಾಲಿಗೆ ಚಪ್ಪಲಿ ತೊಡಿಸಿದ ಹಾಗಾಯಿತು ಇದು. ಕೆಲವೇ ವರ್ಷಗಳಲ್ಲಿ ಒರತೆ ನಿಂತು ಟ್ಯಾಂಕಿ ಮಾತ್ರ ಉಳಿಯುತ್ತದೆ. ಆಮೇಲೆ ಬೋರ್‌ವೆಲ್ ಲಾರಿ ಬರುತ್ತದೆ.

ಕಾರಡ್ಕ, ದೇಲಂಪಾಡಿ, ಮುಳಿಯಾರು ಕಡೆಯ ಕೃಷಿಕರು ಆನೆಯಿಂದ ಪಟ್ಟ ಪಾಡು ಸಣ್ಣದಲ್ಲ. ಒಂದು ರಾತ್ರಿಯಲ್ಲಿ ಬಾಳೆತೋಟ ಹೋಗುತ್ತದೆ. ಅವರ ಸಿಟ್ಟು ನ್ಯಾಯವಾದದ್ದು, ಸೋಲಾರ್ ಬೇಲಿ ಬೇಕೆನ್ನುವುದೂ ಸರಿ. ಒರತೆ ಬತ್ತಿದ್ದರಿಂದ ಮಾತ್ರ ಆನೆ ಬಂತು ಅಂತಲೂ ನಾನು ಹೇಳುವುದಿಲ್ಲ. ಕೇಳುವುದು ಇಷ್ಟೇ: ಕಾಡಿನೊಳಗೆ ಬೇಸಗೆಯಲ್ಲಿ ನೀರಿಲ್ಲದಂತೆ ಮಾಡಿ, ನೀರಿರುವ ತೋಟಕ್ಕೆ ಪ್ರಾಣಿ ಬರಬಾರದು ಎಂದರೆ ಯಾವ ಬೇಲಿ ಎಷ್ಟು ದಿನ ತಡೆದೀತು?

ಎದುರು ವಾದ ನನಗೆ ಗೊತ್ತು. "ಮೇಷ್ಟ್ರೇ, ನಿಮ್ಮ ಶಾಲೆಯ ಗೋಡೆಯೂ ಕೆಂಪುಕಲ್ಲಿನದ್ದೇ ಅಲ್ಲವೇ? ಬಡವರು ಮನೆ ಕಟ್ಟುವುದು ಬೇಡವೇ? ಕೋರೆಯ ಕೂಲಿ ನಂಬಿದವರು ಎಲ್ಲಿಗೆ ಹೋಗಬೇಕು?" ಸರಿಯಾದ ಪ್ರಶ್ನೆ. ಕಲ್ಲು ಬೇಡ ಎಂದು ಯಾರು ಹೇಳಿದರು? ಹಿಂದೆ ಮಳು ಹಿಡಿದು ಕೈಯಲ್ಲಿ ಕಲ್ಲು ತೆಗೆಯುವಾಗ ಒಂದು ಅಡ್ಕ ಹಲವು ತಲೆಮಾರಿಗೆ ಸಾಕಾಗುತ್ತಿತ್ತು. ಈಗ ಯಂತ್ರಕ್ಕೆ ಕೆಲವೇ ವರ್ಷ ಸಾಕು, ಕಲ್ಲು ಹೋಗುವುದೂ ನಮ್ಮ ಬಡವನ ಮನೆಗೆ ಮಾತ್ರವಲ್ಲ. ಒರತೆಯ ನೆತ್ತಿಯ ಮೇಲಿನ ಅಡ್ಕ ಬಿಟ್ಟು ಬೇರೆಡೆ ತೆಗೆಯಿರಿ, ಇಷ್ಟು ಆಳ ಸಾಕು ಎಂದು ಗೆರೆ ಹಾಕಿ ಎನ್ನುವುದು ಬಡವರ ವಿರೋಧವಲ್ಲ. ಒರತೆ ಬತ್ತಿದರೆ ಮೊದಲು ಕೊಡ ಹಿಡಿದು ನಡೆಯುವವರು ಬಡವರೇ. ಹಣವಿದ್ದವ ಬೋರ್ ಕೊರೆಸಿಕೊಳ್ಳುತ್ತಾನೆ.

ಕಾನೂನು ಇಲ್ಲವೇ? ಉಂಟು. ಗದ್ದೆ ಮತ್ತು ಜೌಗುನೆಲ ಉಳಿಸಲು ಕೇರಳದಲ್ಲಿ 2008ರ ಕಾಯಿದೆ ಇದೆ. ಆದರೆ ಅದರ ಹೆಸರಿನಲ್ಲಿ ಗದ್ದೆಯಿದೆ, ಗದ್ದೆಗೆ ನೀರು ಕೊಡುವ ಅಡ್ಕವಿಲ್ಲ. ಮಗುವಿಗೆ ರಕ್ಷಣೆ ಉಂಟು, ಹಾಲು ಕೊಡುವ ತಾಯಿಗೆ ಇಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ಸಮಿತಿ, ದಾಖಲೆ ಪುಸ್ತಕ ಇರಬೇಕು. ನಿಮ್ಮ ಊರಿನ ಒರತೆಗಳು ಅದರಲ್ಲಿ ಬರೆದಿವೆಯೇ ಎಂದು ಹೋಗಿ ಕೇಳಿದ್ದೀರಾ?

ಈಗ ನಮ್ಮ ಮನೆಯೊಳಗಿನ ಮಾತು. 2021ರ ಜೂನಿನಲ್ಲಿ ಗಡಿನಾಡಿನ ಊರುಗಳ ಕನ್ನಡ ಹೆಸರು ಬದಲಿಸುತ್ತಾರೆಂಬ ಸುದ್ದಿ ಬಂದಾಗ ಕಾಸರಗೋಡಿನಿಂದ ಬೆಂಗಳೂರಿನವರೆಗೆ ಎದ್ದು ನಿಂತೆವು. ಅಂಥ ಯೋಚನೆಯಿಲ್ಲವೆಂದು ಕೇರಳ ಸರ್ಕಾರ ಹೇಳಿತು. ಎದ್ದದ್ದು ಸರಿಯೇ. ಆದರೆ ಹೆಸರುಗಳನ್ನೊಮ್ಮೆ ಬಾಯಿಬಿಟ್ಟು ಹೇಳಿ ನೋಡಿ: ಬದಿಯಡ್ಕ, ಕಾರಡ್ಕ, ಬೇಡಡ್ಕ, ಪಳ್ಳತ್ತಡ್ಕ, ಮೀಯಪದವು, ನೀರ್ಚಾಲು. ಅಡ್ಕ, ಪಳ್ಳ, ಪದವು, ನೀರು. ನಮ್ಮ ಊರಿನ ಹೆಸರುಗಳೇ ನೀರಿನ ನಕ್ಷೆ. ಬೋರ್ಡಿನಲ್ಲಿ "ಅಡ್ಕ" ಎಂಬ ಅಕ್ಷರ ಉಳಿಸಲು ಬೀದಿಗಿಳಿದವರು, ಅಡ್ಕವನ್ನೇ ಲಾರಿಯಲ್ಲಿ ಸಾಗಿಸುವಾಗ ಎಲ್ಲಿದ್ದೆವು? ಬೋರ್ಡು ತಿದ್ದಿದರೆ ನಾಳೆ ಮತ್ತೆ ಬರೆಯಬಹುದು. ಕೊರೆದ ಅಡ್ಕವನ್ನು ಯಾವ ಸರ್ಕಾರವೂ ಮತ್ತೆ ಬರೆದು ಕೊಡುವುದಿಲ್ಲ. ಇದನ್ನು ಮಾಡುವವರು ಬರೀ ಹೊರಗಿನವರು ಎಂದು ಕೈತೊಳೆದುಕೊಳ್ಳಬೇಡಿ. ಜಾಗ ಮಾರಿದವರಲ್ಲಿ ಕನ್ನಡಿಗರೂ ಇದ್ದಾರೆ, ತುಳುವರೂ ಇದ್ದಾರೆ, ಮಲಯಾಳಿಗಳೂ ಇದ್ದಾರೆ. ತಡೆಯುವುದೂ ಮೂವರೂ ಸೇರಿದರೇ.

ಶಾಲೆಗಳಿಂದ ಏನಾದೀತು ಅನ್ನಬೇಡಿ. ಪಟ್ಟಿ ಮಾಡುವುದು ನಮಗೆ ಗೊತ್ತಿರುವ ಕೆಲಸ. ಪ್ರತಿ ಕನ್ನಡ ಶಾಲೆಯ ಮಕ್ಕಳು ತಮ್ಮ ವಾರ್ಡಿನ ಒರತೆ, ಸುರಂಗ, ಪಳ್ಳ, ಮದಕಗಳನ್ನು ಒಂದು ಪುಸ್ತಕದಲ್ಲಿ ಬರೆಯಲಿ; ಯಾವ ತಿಂಗಳವರೆಗೆ ನೀರು, ಯಾವ ಪ್ರಾಣಿಯ ಹೆಜ್ಜೆ, ಮೇಲಿನ ಅಡ್ಕದಲ್ಲಿ ಏನು ನಡೆಯುತ್ತಿದೆ ಎಲ್ಲ ಇರಲಿ. ಕಾಡಿನೊಳಗೆ ಮಕ್ಕಳನ್ನು ಒಬ್ಬರೇ ಕಳಿಸಬೇಡಿ, ಹಿರಿಯರು ಜೊತೆಗಿರಲಿ. ಆ ಪುಸ್ತಕವನ್ನು ಪಿ.ಟಿ.ಎ.ಯವರು ಗ್ರಾಮಸಭೆಗೆ ಕೊಂಡುಹೋಗಿ, ಜೀವವೈವಿಧ್ಯ ದಾಖಲೆಗೆ ಸೇರಿಸಿ ಎಂದು ಲಿಖಿತವಾಗಿ ಕೇಳಲಿ, ರಶೀದಿ ತೆಗೆದುಕೊಳ್ಳಲಿ. ಒರತೆಯ ಮೇಲ್ಭಾಗದ ಅಡ್ಕದಲ್ಲಿ ಕೋರೆಗೆ ಅನುಮತಿ ಕೊಡಬಾರದು ಎಂದು ಠರಾವು ಮಾಡಿಸಲಿ. ಟ್ಯಾಂಕಿ ಕಟ್ಟುವುದೇ ಆದರೆ ಒಂದು ಪಾಲು ನೀರು ಮೊದಲಿನ ಹಾಗೆ ಹೊರಗೆ ಹರಿಯಲಿ ಎಂದು ಷರತ್ತು ಹಾಕಲಿ. ಜೂನ್ 5ರ ಗಿಡಗಳನ್ನು ಅಡ್ಕದ ಬಯಲು ಬಿಟ್ಟು ತೋಡಿನ ಬದಿಯಲ್ಲಿ ನೆಡಲಿ.

ಪಡ್ರೆಯಂಥ ಪುಟ್ಟ ಊರಿನ ದನಿ ಜಿನೀವಾದವರೆಗೆ ಕೇಳಿಸಿದ ಜಿಲ್ಲೆ ನಮ್ಮದು. ಆದರೆ ಆಗ ದನಿ ಎತ್ತುವ ಹೊತ್ತಿಗೆ ತಡವಾಗಿತ್ತು. ಈಗ ಇನ್ನೂ ಕೆಲವು ಒರತೆಗಳು ಹರಿಯುತ್ತಿವೆ.

ನಿಮ್ಮ ಶಾಲೆಯ ಹತ್ತಿರದ ಒರತೆಯ ಹೆಸರೇನು? ಅದರ ನೆತ್ತಿಯ ಅಡ್ಕ ಯಾರ ಕೈಯಲ್ಲಿದೆ? ಇವೆರಡಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಬರುವ ಶನಿವಾರ ಹೋಗಿ ತಿಳಿದುಕೊಂಡು ಬನ್ನಿ. ಏನಂತೀರಿ?