ಸ್ಟೋರಿ ಹಾಕಿದೆವು, ಕಲೆಕ್ಷನ್ ಮಾಡಿದೆವು. ಪೇಪರ್ ಕೆಲಸ ಯಾರು ಮಾಡುದು?

ಭಾಗ 1/5

ಮೊದಲ ಫೋಟೊದಲ್ಲಿ ಇರುವ ಹಳದಿ ಫೈಲ್ ನಮ್ಮ ಅಮ್ಮನದ್ದು. ಅಮ್ಮ ಖಾಸಗಿ ಶಾಲೆಯಲ್ಲಿ ಟೀಚರ್. ಆ ಫೈಲಲ್ಲಿ ಎಂತ ಉಂಟು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಕೇಳುವ ಬುದ್ಧಿ ಬಂದದ್ದು ನಮ್ಮ ಮ್ಯಾತ್ಸ್ ಸರ್ ಹೋದ ಮೇಲೆ.

ನಮ್ಮ ಪಿಯು ಬ್ಯಾಚ್‌ನವರಿಗೆ ನೆನಪಿರಬಹುದು. ಸೋಮವಾರ ಟೆಸ್ಟ್ ಇಟ್ಟಿದ್ದರು, ಶನಿವಾರ ರಾತ್ರಿ ಹಾರ್ಟ್ ಅಟ್ಯಾಕ್. ನಾವೆಲ್ಲ ಸ್ಟೋರಿ ಹಾಕಿದೆವು. ಕ್ಲಾಸ್ ಗ್ರೂಪಲ್ಲಿ ದುಡ್ಡು ಸೇರಿಸಿದೆವು. ಬೊಜ್ಜ ಮುಗಿದ ಮೇಲೆ ನಾವು ಮೂವರು ಕವರ್ ತಕ್ಕೊಂಡು ಮನೆಗೆ ಹೋದೆವು. ಆಂಟಿ ಚಾ ಕೊಟ್ಟರು. ಆಮೇಲೆ ಮೆಲ್ಲ ಕೇಳಿದರು: "ನಿಮಗೆ ಮೊಬೈಲಲ್ಲಿ ಈ ಪಿಎಫ್ ನೋಡ್ಲಿಕ್ಕೆ ಆಗ್ತದಾ ಮಕ್ಕಳೇ? ಆಫೀಸಲ್ಲಿ ಪಿಎಫ್ ಬಿಟ್ರೆ ಬೇರೆ ಏನೂ ಇಲ್ಲ ಹೇಳಿದ್ರು. ಗ್ರಾಚ್ಯುಟಿ ಟೀಚರ್‌ಗಳಿಗೆ ಇಲ್ವಂತೆ."

ನಾವು ತಲೆ ಆಡಿಸಿ ಬಂದೆವು. ಆಫೀಸ್‌ನವರು ಹೇಳಿದ್ದು ತಪ್ಪು ಅಂತ ಗೊತ್ತಾಗ್ಲಿಕ್ಕೆ ಎರಡು ತಿಂಗಳು ಹಿಡಿಯಿತು.

ಹಾಗಾಗಿ ಈಗ ನನ್ನ ಅಭಿಪ್ರಾಯ ಇಷ್ಟೇ. ಕೆಲಸದಲ್ಲಿ ಇರುವಾಗಲೇ ಟೀಚರ್ ಒಬ್ಬರು ತೀರಿಕೊಂಡರೆ, ಅವರ ಮನೆಯವರಿಗೆ ಬರಬೇಕಾದ ದುಡ್ಡು ಬರುವವರೆಗೆ ಒಟ್ಟಿಗೆ ನಿಲ್ಲುವುದೇ ನಿಜವಾದ ಗುರುದಕ್ಷಿಣೆ. ಅದು ಯಾರ ದಾನವೂ ಅಲ್ಲ, ಸರ್ ದುಡಿದದ್ದು.

ಭಾಗ 2/5: ಖಾಸಗಿ ಶಾಲೆ, ಕಾಲೇಜಿನವರಿಗೆ

ಮಂಗಳೂರಲ್ಲಿ ನಮಗೆ ಪಾಠ ಮಾಡಿದವರಲ್ಲಿ ತುಂಬ ಜನ ಖಾಸಗಿ ಸಂಸ್ಥೆಯವರೇ. ಪಿಎಫ್ ಕಟ್ ಆಗುತ್ತಿದ್ದರೆ ಬಾಗಿಲು ಒಂದಲ್ಲ, ಮೂರು.

ಒಂದು, ಪಿಎಫ್ ಖಾತೆಯಲ್ಲಿ ಉಳಿದ ದುಡ್ಡು. ಫಾರಂ 20.

ಎರಡು, ಇಡಿಎಲ್‌ಐ ಎಂಬ ಜೀವವಿಮೆ. ಇದಕ್ಕೆ ಟೀಚರ್ ಸಂಬಳದಿಂದ ಒಂದು ರೂಪಾಯಿಯೂ ಕಟ್ ಆಗುವುದಿಲ್ಲ, ಸಂಸ್ಥೆಯೇ ಕಟ್ಟುತ್ತದೆ. ಸಂಬಳದ ಸ್ಲಿಪ್ಪಲ್ಲಿ ಕಾಣುವುದಿಲ್ಲ, ಅದಕ್ಕೇ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸತತ ಒಂದು ವರ್ಷ ಸೇವೆ ಇದ್ದರೆ ಕನಿಷ್ಠ 2.5 ಲಕ್ಷ, ಗರಿಷ್ಠ 7 ಲಕ್ಷ. ಫಾರಂ 5ಐಎಫ್.

ಮೂರು, ಪಿಂಚಣಿ. ಗಂಡ ಅಥವಾ ಹೆಂಡತಿಗೆ ತಿಂಗಳು ತಿಂಗಳು, ಜೊತೆಗೆ ಇಬ್ಬರು ಮಕ್ಕಳಿಗೆ 25 ವರ್ಷ ತುಂಬುವವರೆಗೆ. ಮೊತ್ತ ದೊಡ್ಡದಲ್ಲ, ಆದರೆ ನಿಲ್ಲುವುದಿಲ್ಲ. ಫಾರಂ 10ಡಿ. 2014ರ ಸೆಪ್ಟೆಂಬರ್ ನಂತರ 15,000ಕ್ಕಿಂತ ಹೆಚ್ಚು ಸಂಬಳಕ್ಕೆ ಮೊದಲ ಸಲ ಸೇರಿದವರು ಇದರಲ್ಲಿ ಇರದೆ ಇರಬಹುದು. ಪಾಸ್‌ಬುಕ್ಕಿನ ಪೆನ್ಷನ್ ಕಾಲಂ ನೋಡಿದರೆ ಗೊತ್ತಾಗುತ್ತದೆ.

ಇನ್ನು ಗ್ರಾಚ್ಯುಟಿ. "ಟೀಚರ್‌ಗಳಿಗೆ ಇಲ್ಲ" ಎಂಬ ಮಾತು ಬಂದದ್ದು ಸುಮ್ಮನೆ ಅಲ್ಲ. 2004ರಲ್ಲಿ ಸುಪ್ರೀಂ ಕೋರ್ಟ್, ಆಗಿನ ಕಾನೂನಿನ ವ್ಯಾಖ್ಯೆಯಲ್ಲಿ ಶಿಕ್ಷಕರು ಬರುವುದಿಲ್ಲ ಎಂದಿತ್ತು. 2009ರಲ್ಲಿ ಸಂಸತ್ತು ಕಾನೂನನ್ನೇ ತಿದ್ದಿತು. ತಿದ್ದುಪಡಿ 1997ರ ಏಪ್ರಿಲ್ 3ರಿಂದಲೇ ಜಾರಿ ಎಂದೂ ಹೇಳಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ತಿದ್ದುಪಡಿ ಸರಿ ಎಂದು ತೀರ್ಪು ಕೊಟ್ಟಿತು. ಆದರೂ ಕೆಲವು ಆಫೀಸುಗಳಲ್ಲಿ ಇನ್ನೂ 2004 ನಡೀತಾ ಉಂಟು ಮಾರ್ರೆ!

ಇನ್ನೊಂದು ವಿಷಯ ಗಟ್ಟಿಯಾಗಿ ನೆನಪಿಡಿ: ಗ್ರಾಚ್ಯುಟಿಗೆ 5 ವರ್ಷ ಆಗಬೇಕು ಎಂಬ ಷರತ್ತು ಸಾವಿನ ಸಂದರ್ಭಕ್ಕೆ ಇಲ್ಲ. ಲೆಕ್ಕ ಸುಲಭ. ಮೂಲ ವೇತನ ಮತ್ತು ಡಿಎ ಸೇರಿ 26,000, ಸೇವೆ 11 ವರ್ಷ ಅಂತ ಇಟ್ಟುಕೊಳ್ಳಿ. 26,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 11ರಿಂದ ಗುಣಿಸಿ. 1,65,000 ರೂಪಾಯಿ. ನಾವು ಕವರಲ್ಲಿ ಕೊಟ್ಟದ್ದು ಇದರ ಕಾಲು ಭಾಗವೂ ಇರಲಿಲ್ಲ.

ಭಾಗ 3/5: ಸರ್ಕಾರಿ ಟೀಚರ್ ಆಗಿದ್ದರೆ

ಇಲ್ಲಿ ಮುಖ್ಯ ಶಿಕ್ಷಕರು ಅಥವಾ ಬಿಇಒ ಕಚೇರಿಯಿಂದ ಶುರು ಮಾಡಿ. ಕೇಳಬೇಕಾದ್ದು: ಕುಟುಂಬ ಪಿಂಚಣಿ, ಮರಣ ಉಪದಾನ, ಕೆಜಿಐಡಿ ವಿಮೆ, ಗುಂಪು ವಿಮೆ, ಬಾಕಿ ಗಳಿಕೆ ರಜೆಯ ದುಡ್ಡು. ಶಿಕ್ಷಕರ ಕಲ್ಯಾಣ ನಿಧಿಯ ಸದಸ್ಯರಾಗಿದ್ದರೆ ಅಲ್ಲಿಯೂ ಕೇಳಿ.

2006ರ ಏಪ್ರಿಲ್ 1ರ ನಂತರ ಸೇರಿದವರು ಎನ್‌ಪಿಎಸ್‌ನವರು. ಸೇವೆಯಲ್ಲಿ ಇರುವಾಗ ತೀರಿಕೊಂಡರೆ ಅವರ ಮನೆಯವರಿಗೂ ಕುಟುಂಬ ಪಿಂಚಣಿಯ ದಾರಿ ಉಂಟು. ಎನ್‌ಪಿಎಸ್ ದುಡ್ಡು ತೆಗೆಯುವ ಫಾರಂಗೆ ಸೈನ್ ಹಾಕುವ ಮೊದಲು ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೂತು ಲೆಕ್ಕ ಹಾಕಿ.

ಅನುಕಂಪದ ಕೆಲಸಕ್ಕೆ ಅರ್ಜಿ ಸಾವಿನ ದಿನದಿಂದ ಒಂದು ವರ್ಷದ ಒಳಗೆ ಹೋಗಬೇಕು. "ದುಃಖ ಸ್ವಲ್ಪ ಕಡಿಮೆ ಆಗಲಿ, ಆಮೇಲೆ ನೋಡುವ" ಅಂದರೆ ಆ ವರ್ಷ ಹೀಗೇ ಹೋಗುತ್ತದೆ. "ಮಗಳಿಗೆ ಮದುವೆ ಆಗಿದೆ, ಅವಳಿಗೆ ಸಿಗುವುದಿಲ್ಲ" ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಬಿಡಬೇಡಿ. ಮದುವೆಯಾದ ಕಾರಣಕ್ಕೆ ಮಗಳನ್ನು ಹೊರಗಿಡುವ ನಿಯಮವನ್ನು ಕರ್ನಾಟಕ ಹೈಕೋರ್ಟ್ 2020ರ ಡಿಸೆಂಬರಲ್ಲಿ ರದ್ದು ಮಾಡಿದೆ.

ಅತಿಥಿ ಶಿಕ್ಷಕರ ವಿಷಯ ಬರೆಯಲಿಕ್ಕೆ ಬೇಜಾರಾಗುತ್ತದೆ. ಅದೇ ಸಿಲೆಬಸ್, ಅದೇ ಬೋರ್ಡು, ಆದರೆ ಈ ಪಟ್ಟಿಯ ಹೆಚ್ಚಿನದು ಅವರಿಗೆ ಇಲ್ಲ. ಇದನ್ನು ನಾವು, ಅವರ ಹತ್ತಿರ ಕಲಿತವರು, ಜೋರಾಗಿ ಕೇಳಬೇಕು.

ಭಾಗ 4/5: ನೀವು ಮಾಡಬಹುದಾದ್ದು (ಇದನ್ನು ಸೇವ್ ಮಾಡಿ)

ಮರಣ ಪ್ರಮಾಣಪತ್ರ: ಮನೆಯಲ್ಲಿ ತೀರಿಕೊಂಡಿದ್ದರೆ 21 ದಿನದ ಒಳಗೆ ನೋಂದಣಿ ಮಾಡಿಸಿ. ನಗರದವರಿಗೆ ಲಾಲ್‌ಬಾಗ್‌ನ ಮಹಾನಗರ ಪಾಲಿಕೆ. ಒಂದೇ ಸಲ ಏಳೆಂಟು ಪ್ರತಿ ತೆಗೆಸಿ. ಹೆಸರಿನ ಸ್ಪೆಲ್ಲಿಂಗ್ ಆಧಾರ್‌ಗೆ, ಪಿಎಫ್‌ಗೆ ಸರಿ ಉಂಟಾ ಅಂತ ಅಲ್ಲೇ ನೋಡಿ.

ನಾಡಕಚೇರಿಯಲ್ಲಿ ವಂಶವೃಕ್ಷ ಮತ್ತು ಜೀವಂತ ಕುಟುಂಬ ಸದಸ್ಯರ ದೃಢೀಕರಣ ಪತ್ರಕ್ಕೆ ಅರ್ಜಿ ಹಾಕಿ.

ಪಿಎಫ್‌ನ ಮೂರೂ ಫಾರಂ ಒಟ್ಟಿಗೆ ಕೊಡಿ. ಡೌಟ್ ಇದ್ದರೆ ಕಚೇರಿ ಹೈಲ್ಯಾಂಡ್ಸ್‌ನ ಸಿಲ್ವ ರೋಡಲ್ಲಿ ಉಂಟು. ಕ್ಲೇಮಿಗೆ ಫೀಸ್ ಇಲ್ಲ. ಕಮಿಷನ್ ಕೇಳುವವರಿಗೆ, ಒಟಿಪಿ ಕೇಳುವವರಿಗೆ ದೊಡ್ಡ ನಮಸ್ಕಾರ.

ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ 436 ರೂಪಾಯಿ ಕಟ್ ಆಗಿದೆಯಾ ಹುಡುಕಿ. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ, 2 ಲಕ್ಷದ ವಿಮೆ. 20 ರೂಪಾಯಿ ಇದ್ದರೆ ಅಪಘಾತ ವಿಮೆ. ಸಂಬಳದ ಖಾತೆಗೆ, ಮನೆ ಸಾಲಕ್ಕೆ ಬೇರೆ ವಿಮೆ ಉಂಟಾ ಅಂತಲೂ ಕೇಳಿ.

ಗ್ರಾಚ್ಯುಟಿ ಅರ್ಜಿ ಬರವಣಿಗೆಯಲ್ಲಿ ಕೊಡಿ, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತಿಗೆ ದಾಖಲೆ ಇಲ್ಲ. 30 ದಿನದಲ್ಲಿ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಬಹುದು, ಬಡ್ಡಿಯೂ ಸೇರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಭಾಗ 5/5

"ಅವರು ಅಳುತ್ತಾ ಇರುವಾಗ ದುಡ್ಡಿನ ಮಾತು ಆಡುದಾ?" ಅಂತ ನನ್ನ ಫ್ರೆಂಡ್ ಕೇಳಿದಳು. ಮೊದಲ ದಿನ ಬೇಡ, ಸರಿ. ಆದರೆ ಆಂಟಿಯೇ ಕೇಳಿದ್ದರಲ್ಲ? ದುಃಖದ ಮನೆಗೂ ಮುಂದಿನ ತಿಂಗಳು ಕರೆಂಟ್ ಬಿಲ್ ಬರುತ್ತದೆ, ಮಗಳ ಫೀಸ್ ಬರುತ್ತದೆ. ಕಲೆಕ್ಷನ್ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಕವರ್ ಕೊಟ್ಟು ಬರುವಾಗ "ಆಂಟಿ, ನಾಳೆ ಪಾಲಿಕೆಗೆ ನಾನು ಹೋಗಿ ಬರ್ತೇನೆ" ಅಂತಲೂ ಹೇಳಿ ಅನ್ನುತ್ತೇನೆ. ಫಾರಂ ತುಂಬುವುದು, ಸ್ಕ್ಯಾನ್ ಮಾಡುವುದು, ಕ್ಯೂ ನಿಲ್ಲುವುದು ನಮ್ಮ ವಯಸ್ಸಿನವರಿಗೆ ಎಂತ ಕಷ್ಟ?

ಆಂಟಿಗೆ ಇನ್ಶೂರೆನ್ಸ್ ದುಡ್ಡು ಬಂತು. ಪಿಂಚಣಿ ಶುರುವಾಗಿದೆ. ಗ್ರಾಚ್ಯುಟಿ ಅರ್ಜಿ ಇನ್ನೂ ನಡೀತಾ ಉಂಟು, ನಾವೂ ಬಿಟ್ಟಿಲ್ಲ.

ಆ ಮೇಲೆ ನಾನು ಅಮ್ಮನ ಹಳದಿ ಫೈಲ್ ತೆಗೆದೆ. "ಎಂತ ಅಪಶಕುನದ ಮಾತು ನಿನ್ನದು" ಅಂತ ಬೈದರು. ಪಿಎಫ್ ನಾಮಿನಿ ಜಾಗದಲ್ಲಿ ನಮ್ಮ ಅಜ್ಜನ ಹೆಸರು ಇತ್ತು. ಅಮ್ಮ ಕೆಲಸಕ್ಕೆ ಸೇರಿದಾಗ ಮದುವೆ ಆಗಿರಲಿಲ್ಲ. ಅಜ್ಜ ಹೋಗಿ 6 ವರ್ಷ ಆಯ್ತು. ಪಿಎಫ್ ನಿಯಮದಲ್ಲಿ ಕುಟುಂಬ ಆದ ಮೇಲೆ ಆ ಹಳೆ ನಾಮಿನೇಷನ್ ಲೆಕ್ಕಕ್ಕೇ ಇಲ್ಲ.

ಅದೇ ರಾತ್ರಿ ಊಟ ಆದ ಮೇಲೆ ಯುಎಎನ್ ಪೋರ್ಟಲಲ್ಲಿ ಇ-ನಾಮಿನೇಷನ್ ಮಾಡಿದೆವು. ಅಪ್ಪನ ಹೆಸರು, ನನ್ನ ಹೆಸರು, ತಮ್ಮನ ಹೆಸರು. ಆಧಾರ್, ಫೋಟೊ, ಒಂದು ಒಟಿಪಿ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಮುಗಿದ ಮೇಲೆ ಅಮ್ಮ ಬೈಯಲಿಲ್ಲ. ಸ್ಟಾಫ್ ರೂಮಿನ ನಾಲ್ಕು ಟೀಚರ್‌ಗಳ ನಂಬರ್ ಕೊಟ್ಟು, "ಇವರದ್ದೂ ನೋಡಿ ಕೊಡು" ಅಂದರು.

ನಿಮ್ಮ ಮನೆಯಲ್ಲಿ ಟೀಚರ್ ಇದ್ದರೆ ಇವತ್ತು ರಾತ್ರಿ ಕೇಳಿ: ನಾಮಿನಿ ಯಾರು? ಉತ್ತರ ಕಾಮೆಂಟಲ್ಲಿ ಬೇಡ. "ನೋಡಿದೆ" ಅಂತ ಒಂದು ಶಬ್ದ ಬರೆಯಿರಿ, ಸಾಕು.

#ನಾಮಿನಿನೋಡಿ #ನಮ್ಮಟೀಚರ್ #ಮಂಗಳೂರು