ಥೀಸಿಸ್ ಕೊಟ್ಟಪ್ಪಗ ಓದು ಮುಗಿತ್ತಿಲ್ಲೆ

ಕೊಣಾಜೆಗೆ ಹೋಗಿ ಪೀಯೆಚ್‌ಡಿ ಥೀಸಿಸ್ ಕೊಟ್ಟಿಕ್ಕಿ ಬಂದ ದಿನ ಹೊತ್ತೋಪಗ, ಜಾಲಿಲಿ ಅಡಕ್ಕೆ ಒಟ್ಟುಮಾಡಿಗೊಂಡಿದ್ದ ಅತ್ತೆ ಕೇಳಿದವು, "ಅಂಬಗ ಮುಗುದತ್ತಲ್ಲದಾ?" ಆನುದೆ "ಅಪ್ಪು" ಹೇಳಿದೆ. ಅದುವೇ ತಪ್ಪಾದ್ದು.

ಆರು ವರ್ಷ ಕಾಲೇಜಿಲಿ ಪಾಠ ಮಾಡಿಗೊಂಡು, ಮಗಳ ಸಾಂಕಿಯೊಂಡು, ಹಟ್ಟಿ ಕೆಲಸದ ಎಡಕ್ಕಿಲಿ ಬರದ ಥೀಸಿಸ್ ಅದು. ಅಷ್ಟು ವರ್ಷವೂ ಇರುಳು ಎಂಟರಿಂದ ಒಂಬತ್ತರವರೆಗೆ ಎನ್ನ ಆರೂ ದಿನಿಗೇಳಿಗೊಂಡಿತ್ತಿದ್ದವಿಲ್ಲೆ. ಕೊಟ್ಟ ಮರದಿನಂದಲೇ ಆ ಗಂಟೆ ಹೋತು. ಆರೂ ಕಸ್ಕೊಂಡದಲ್ಲ. ಬಾಕಿ ಆಗಿದ್ದ ಹಪ್ಪಳ, ಮದುವೆ ಹೇಳಿಕೆ, ನೆಂಟರಮನೆ ಪೂಜೆ ಎಲ್ಲವೂ ಎನಗೇ ಕಾದು ಕೂದಾಂಗೆ ಬಂತು.

ನಮ್ಮ ಹೆಮ್ಮಕ್ಕೊಗೆ ಇದು ಗೊಂತಿರಲಿ ಹೇಳಿ ಬರೆತ್ತೆ. ಥೀಸಿಸ್ ಕೊಟ್ಟಮತ್ತೆ ಅದರ ಗೈಡಿನೊಟ್ಟಿಂಗೆ ಹೆರಾಣ ಇಬ್ರಾದರೂ ಓದೆಕ್ಕು, ಅವರ ವರದಿ ಬರೆಕ್ಕು, ಮತ್ತೆ ಎಲ್ಲೋರ ಎದುರು ವೈವಾ. ಇದೆಲ್ಲ ಆರು ತಿಂಗಳಿಲಿ ಮುಗಿಯೆಕ್ಕು ಹೇಳಿ ಯುಜಿಸಿಯ 2016ರ ನಿಯಮಲ್ಲಿಯೂ ಇದ್ದು, 2022ರದ್ದರಲ್ಲಿಯೂ ಇದ್ದು. ಆರು ತಿಂಗಳು ಹೇಳಿರೆ, ಒಂದು ಕೊಯ್ಲು ಒಣಗಿ, ಸೊಲುದಾಗಿ, ಪೇಟೆಗೆ ಹೋಪಷ್ಟು ಸಮಯ. ಬರದ್ದು ಮರವಲೆ ಧಾರಾಳ ಸಾಕು.

ವೈವಾಕ್ಕೆ ದಿನ ನಿಘಂಟಾತು ಹೇಳಿ ಫೋನು ಬಪ್ಪಗ ಆನು ದೋಸಗೆ ಕಡದುಗೊಂಡಿತ್ತಿದ್ದೆ. ಇನ್ನು ಹನ್ನೆರಡೇ ದಿನ. ಅದರ ಮುನ್ನಾಣ ದಿನ ಅಜ್ಜನ ತಿಥಿ ಬೇರೆ. ಇರುಳು ಎನ್ನದೇ ಮೂರನೇ ಅಧ್ಯಾಯ ಬಿಡುಸಿ ನೋಡಿರೆ ಆರೋ ಬರದ ಹಾಂಗೆ ಕಂಡತ್ತು. ಕೂಗುಲೆ ಬಂತು.

ಅತ್ತೆಗೆ ಎನ್ನ ಮೋರೆ ನೋಡಿಯೇ ಗೊಂತಾತು. "ಅಡಕ್ಕೆ ಸೊಲಿವಗ ಹತ್ರೆ ಬಂದು ಕೂರು. ಎಂತ ಬರದ್ದೆ ಹೇಳು, ಕೇಳ್ತೆ" ಹೇಳಿದವು. ಪುಸ್ತಕ ನೋಡದ್ದೆ, ದಿನಕ್ಕೊಂದು ಅಧ್ಯಾಯ ಬಾಯಿಲಿ ಹೇಳಿದೆ. ನೂರು ಪುಟ ಪುನಃ ಓದುದರಿಂದ ಇದುವೇ ಒಳ್ಳೆದು ಹೇಳಿ ಎನ್ನ ಅಭಿಪ್ರಾಯ. ಓದುವಗ ಎಲ್ಲ ಗೊಂತಿದ್ದು ಹೇಳಿ ಕಾಣ್ತು, ಹೇಳ್ಲೆ ಹೆರಟಪ್ಪಗಲೇ ಎಲ್ಲಿ ತಡವರ್ಸುತ್ತು ಹೇಳಿ ತಿಳಿವದು.

ಎನ್ನ ವಿಷಯ ಪುತ್ತೂರು, ಸುಳ್ಯ ಹೊಡೆಣ ಸಣ್ಣ ಅಡಕ್ಕೆ ಕೃಷಿಕರ ಖರ್ಚು-ಲಾಭ. ನಾಲ್ಕನೇ ದಿನ ಅತ್ತೆ ಕೇಳಿದವು: "ಸೊಲಿವಲೆ ಬಪ್ಪವರ ಮಜೂರಿ ಬರದ್ದೆ. ಪಟೋರ, ಕರಿಗೋಟು ಹೆರ್ಕಿ ಬೇರೆ ಮಾಡ್ತ ಎನ್ನ ಮಜೂರಿ ಎಲ್ಲಿದ್ದು?"

ಎನ್ನತ್ರೆ ಉತ್ತರ ಇತ್ತಿಲ್ಲೆ. ಬೆಳೆ ಖರ್ಚಿಂಗೆ ಮನೆಯವರ ದುಡಿಮೆಯ ಬೆಲೆಯನ್ನೂ ಸೇರ್ಸುವ ಲೆಕ್ಕ ಒಂದಿದ್ದು, ಎ2 ಮತ್ತೆ ಎಫ್‌ಎಲ್ ಹೇಳಿ. ಆನು ಕೈಂದ ಪೈಸೆ ಕೊಟ್ಟದರ ಮಾಂತ್ರ ಹಿಡುದಿತ್ತಿದ್ದೆ. ಮನೆ ದುಡಿಮೆ ಹಿಡುದಿದ್ದರೆ ಲಾಭ ಕಮ್ಮಿ ಕಾಣ್ತಿತ್ತು, ಅದು ಎನ್ನ ಕೆಲಸದ ಮಿತಿ ಹೇಳಿ ಇರುಳು ಕೂದು ಬರದುಮಡುಗಿದೆ. ವೈವಾಲಿ ಹೆರಾಣ ಪರೀಕ್ಷಕರು ಸುರುವಿಂಗೆ ಕೇಳಿದ್ದು ಹೆಚ್ಚುಕಮ್ಮಿ ಅದೇ ಪ್ರಶ್ನೆ!

ತಿಥಿ ದಿನ ಅಡಿಗೆಗೆ ಅತ್ತೆಯೊಟ್ಟಿಂಗೆ ಎನ್ನ ಯೆಜಮಾನ್ರು ನಿಂದವು, ಕಾಯಿ ಕೆರದ್ದೂ ಅವೇ. ಒಂದು ಚಿಕ್ಕಮ್ಮಂಗೆ ಅದು ಸರಿ ಕಂಡಿದಿಲ್ಲೆ. "ಒಂದು ದಿನ ಓದದ್ದರೆ ಎಂತಕ್ಕು?" ಹೇಳಿತ್ತು. ಆರು ತಿಂಗಳು ಆನು ಕೊಟ್ಟದು ಒಂದೊಂದೇ ದಿನವ, ಚಿಕ್ಕಮ್ಮ.

ಹೆಮ್ಮಕ್ಕೊಗೆ ಪೀಯೆಚ್‌ಡಿ ಮುಗುಶಲೆ ನಿಯಮಲ್ಲಿ ಎರಡು ವರ್ಷ ಹೆಚ್ಚಿಗೆ ಇದ್ದು, ಬಾಳಂತನಕ್ಕೆ 240 ದಿನದ ರಜೆಯೂ ಇದ್ದು. ದಿನದ ಒಂದು ಗಂಟೆಯ ಕೊಡೆಕ್ಕಾದ್ದು ಮಾಂತ್ರ ಮನೆಯವೇ, ಅದೂ ವೈವಾ ಮುಗಿವನ್ನಾರ.

ಕಡಬಲ್ಲಿಪ್ಪ ಎನ್ನ ಸೋದರತ್ತೆಯ ಪುಳ್ಳಿ ಕಳುದ ತಿಂಗಳು ಥೀಸಿಸ್ ಕೊಟ್ಟಿದು. ಅದರ ಅತ್ತೆ ಇದರ ಓದುತ್ತವು ಹೇಳಿ ಎನಗೆ ಗೊಂತಿದ್ದು. ಅಕ್ಕಾ, ಇರುಳು ಎಂಟು ಗಂಟೆಗೆ ಅದರ ದಿನಿಗೇಳೆಡಿ.