ಹುಡುಗಿ ಹಲ್ಲ ನೋಡೂ ಮೊದಲ ಊರ ನೀರ ನೋಡ್ರಿ

ಮೊನ್ನೆ ನನ್ನ ತಂಗಿ ಫೋನ್ ಮಾಡಿದ್ಲು. "ಅಕ್ಕಾ, ಹುಡುಗನ ಕಡೆಯವ್ರಿಗೆ ಎಲ್ಲಾ ಒಪ್ಪಿಗಿ ಅದ. ಹಲ್ಲೊಂದ ಸ್ವಲ್ಪ ನೋಡ್ರಿ ಅಂದಾರ" ಅಂದ್ಲು. ನೋಡೂದಂದ್ರ ಏನು? ಆಕಿ ಮಗಳ ಮುಂದಿನ ಎಂಟ ಹಲ್ಲಿಗೆ ವೆನೀರ್ ಕೂಡಸೂದು. ಒಂದ ಹಲ್ಲಿಗೆ 12,000, ಎಂಟಕ್ಕ 96,000 ರೂಪಾಯಿ. "ರೊಕ್ಕ ಹ್ಯಾಂಗರ ಹೊಂದಸ್ತೀವಿ. ಹುಡುಗಿ ಒಲ್ಲೆ ಅಂತಾಳ, ನೀ ಒಂದ ಮಾತ ಹೇಳು" ಅಂದ್ಲು.

ನಾ ಹೇಳಂಗಿಲ್ಲ ಅಂದೆ. ಯಾಕ ಅಂತ ಇಲ್ಲೆ ಬರೀತೀನಿ. ತಂಗಿ ಸಿಟ್ಟಾಗೂದಿದ್ರ ಪೂರ್ತಿ ಓದಿ ಸಿಟ್ಟಾಗ್ಲಿ.

ಮೊದಲನೇ ಮಾತು, ನಮ್ಮ ಹುಡುಗಿ ಹಲ್ಲ ಹೊಲಸಲ್ಲ. ತಂಗೀನ್ನ ಕೊಟ್ಟದ್ದು ಮುಂಡರಗಿ ಕಡೆ. ಅಲ್ಲಿ ಬೋರ್ ನೀರಿನಾಗ ಫ್ಲೋರೈಡ್ ಭಾಳ. ಒಂದ ಲೀಟರ್ ನೀರಿನಾಗ 1.5 ಮಿಲಿಗ್ರಾಂ ಮೀರಬಾರದು ಅಂತ ಸರಕಾರದ ಲೆಕ್ಕ ಅದ. ಮಕ್ಕಳ ಕಾಯಂ ಹಲ್ಲ ವಸಡಿನ ಒಳಗ ತಯಾರಾಗೂ ಏಳೆಂಟ ವರ್ಷದಾಗ ಅಂಥಾ ನೀರ ಕುಡದ್ರ, ಹಲ್ಲ ಬರೂದ ಬಿಳೇ ಗೆರಿ, ಕಂದು ಕಲೆ ತಗೊಂಡ ಬರ್ತಾವ. ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ. ತಂಗಿ ಪಾಪ ನೀರ ಕುದಿಸಿ ಕುದಿಸಿ ಕುಡಿಸಿದ್ಲು. ಕುದಿಸಿದ್ರ ಕ್ರಿಮಿ ಸಾಯ್ತಾವ, ಫ್ಲೋರೈಡ್ ಹೋಗಂಗಿಲ್ಲ. ನೀರ ಬತ್ತಿಧಂಗ ಅದು ಇನ್ನಷ್ಟ ಗಟ್ಟಿ ಆಗ್ತದ. ಊರಿಗೆ ಶುದ್ಧ ನೀರಿನ ಘಟಕ ಬರೂದ್ರಾಗ ಹುಡುಗಿ ಹಲ್ಲೆಲ್ಲಾ ಬಂದ ಮುಗದಿದ್ವು. ಇದ್ರಾಗ ಆಕಿ ತಪ್ಪೇನದ ಹೇಳ್ರಿ?

ಇನ್ನ ವೆನೀರ್ ಅಂದ್ರ ಹಲ್ಲಿನ ಮುಂದ ಅಂಟಸೂ ಪಿಂಗಾಣಿ ಚಿಪ್ಪು, ಉಗುರಿನಷ್ಟ ತೆಳು. ಅದು ಸರೀ ಕೂಡಬೇಕಂದ್ರ ಹೆಚ್ಚಾಗಿ ಮ್ಯಾಲಿನ ಎನಾಮಲ್ ಅರ್ಧ ಮಿಲಿಮೀಟರಿನಷ್ಟ ಉಜ್ಜಿ ತಗೀತಾರ. ಅಷ್ಟ ಏನ ದೊಡ್ಡದು ಅನಬ್ಯಾಡ್ರಿ, ಮುಂದಿನ ಹಲ್ಲಿಗೆ ಆ ಪದರ ಇರೂದ ಒಂದ ಮಿಲಿಮೀಟರಿನ ಆಸುಪಾಸು. ಕೂದಲಾ ಕತ್ತರಿಸಿದ್ರ ಬೆಳೀತಾವ, ಎನಾಮಲ್ ತಿರುಗಿ ಬೆಳ್ಯಂಗಿಲ್ಲ. ಚಿಪ್ಪು ಛಲೋ ಬಾಳಿಕಿ ಬಂದ್ರ 10-15 ವರ್ಷ. ಹುಡುಗಿಗೆ ಈಗ 24. ನನ್ನ ವಯಸ್ಸಿಗೆ ಬರೂದ್ರಾಗ ಒಂದೆರಡ ಸಲನರ ಬದಲಿ ಮಾಡಸಬೇಕು. ಆವಾಗ ರೊಕ್ಕ ಯಾರ ಕೊಡ್ತಾರ? "ಹಲ್ಲೊಂದ ನೋಡ್ರಿ" ಅಂದವ್ರು ಕೊಡ್ತಾರೇನು?

1930ರ ಸುಮಾರಿಗೆ ಅಮೆರಿಕಾದಾಗ ಚಾರ್ಲ್ಸ್ ಪಿಂಕಸ್ ಅನ್ನೂ ಹಲ್ಲಿನ ಡಾಕ್ಟರು ಸಿನಿಮಾ ನಟರಿಗಂತ ಇಂಥಾ ಚಿಪ್ಪ ಮಾಡಿದ್ರು. ಶೂಟಿಂಗ್ ಮುಗೀತಂದ್ರ ತಗದ ಇಡತಿದ್ರು. ನಮ್ಮ ಹುಡುಗಿಗೆ ತಗದಿಡಲಿಕ್ಕೆ ಬರಂಗಿಲ್ಲ. ಮದವಿ ಫೋಟೋ ಒಂದ ದಿನದ್ದು, ಊಟ ದಿನಾ ಮಾಡಬೇಕು. ಕಬ್ಬು ಕಡೀಬೇಕಂದ್ರೂ ಜೀವಾ ಪೂರ್ತಿ ಅಂಜಬೇಕು.

ಹಂಗಂತ ನಾ ವೆನೀರ್ ಬ್ಯಾಡನ್ನಾಕಿ ಅಲ್ಲ. ಹಲ್ಲ ಮುರದಿದ್ರ, ಕಲೆ ಭಾಳ ಆಳ ಇದ್ದ ಹುಡುಗೀನ ತಾನಾಗಿ ಬೇಕಂದ್ರ ಧಾರಾಳ ಮಾಡಸ್ರಿ. ಆದ್ರ ಮೊದಲ ಸಣ್ಣ ದಾರಿ ಕೇಳ್ರಿ. ಮ್ಯಾಲ್ಮ್ಯಾಲೆ ಕಲೆ ಉಜ್ಜಿ ತಗಿಯೂದದ, ಬ್ಲೀಚಿಂಗ್ ಅದ, ಹಲ್ಲಿನ ಬಣ್ಣದ ಕಾಂಪೋಸಿಟ್ ಹಚ್ಚೂದದ. ಎಷ್ಟ ಉಜ್ಜತೀರಿ, ಉಜ್ಜೂಕಿಂತ ಮೊದಲ ಹ್ಯಾಂಗ ಕಾಣಸ್ತದ ತೋರಸ್ತೀರೇನು, ಒಡದ್ರ ಮುಂದೇನು ಅಂತ ಡಾಕ್ಟರ್ನ ಬಾಯಿ ಬಿಟ್ಟ ಕೇಳ್ರಿ. ನಿದ್ದಿಯೊಳಗ ಹಲ್ಲ ಕಡಿಯೂ ಚಟ ಇದ್ರ ಮುಚ್ಚಿಡಬ್ಯಾಡ್ರಿ, ಚಿಪ್ಪು ಒಡೀತದ.

ಮತ್ತ ಹುಡುಗನ ಬಾಯಿ ಯಾರರ ತಗಸಿ ನೋಡ್ಯಾರೇನು? ನಮ್ಮ ಕಡೆ ಎಷ್ಟ ಮದವಿ ಗಂಡುಗೋಳ ಹಲ್ಲಿನ ಮ್ಯಾಲೆ ಗುಟಕಾ ಕಲೆ ಇರ್ತಾವ, ಯಾರೂ ಚಕಾರ ಎತ್ತಂಗಿಲ್ಲ. ನೀರಿನ ಕಲೆ ಹುಡುಗಿಗೆ ಊರ ಕೊಟ್ಟದ್ದು. ಗುಟಕಾ ಕಲೆ ತಾವಾಗಿ ಹಚ್ಚಗೊಂಡದ್ದು.

ಬೀಗರನ್ನಷ್ಟ ಬೈದ್ರ ಮುಗೀತೇನು? ನಂದೂ ತಪ್ಪದ. ಹುಡುಗಿ ಹತ್ತನೇ ಇಯತ್ತೆ ಇದ್ದಾಗ ನಮ್ಮನಿ ಮುಂಜಿವಿ ಫೋಟೋದಾಗ "ಬಾಯಿ ಮುಚ್ಚಿ ನಗ" ಅಂದಾಕಿ ನಾನ. ಅವತ್ತಿನಿಂದ ಆಕಿ ಕೈ ಅಡ್ಡ ಹಿಡದ ನಗತಾಳ. ಬ್ಯಾರೆಯವ್ರು ಅಂದದ್ದಲ್ಲ, ಮನಿಯೊಳಗಿನ ಹೆಂಗಸರ ಹಾಕಿದ ಕಲೆ ಇದು.

ತಂಗಿ ಫೋನ್ ಇಟ್ಟ ಮ್ಯಾಲೆ ಹುಡುಗಿಗೆ ಮಾಡಿದೆ. "ನಿಂಗೇನ ಬೇಕವಾ?" ಅಂದೆ. ಸ್ವಲ್ಪ ಹೊತ್ತ ಸುಮ್ಮನಿದ್ಲು. "ಮಾವಶಿ, ಇಷ್ಟ ದಿನದಾಗ ನನ್ನ ಕೇಳಿದಾಕಿ ನೀ ಒಬ್ಬಾಕಿನ" ಅಂದ್ಲು. ಎರಡ ಹಲ್ಲಿನ ದಟ್ಟ ಕಲೆ ಅಷ್ಟ ತಿಳಿ ಮಾಡಸ್ತೀನಿ, ಉಳದದ್ದ ಇರ್ಲಿ ಅಂತಾಳ. ಅಷ್ಟಕ್ಕ ಬ್ಯಾಡಂದ್ರ ಆ ಮನಿ ಬ್ಯಾಡಂತ ಹೇಳೂ ಧೈರ್ಯಾ ನಮಗಿರಬೇಕು.

ತಂಗೀ, ಈಗ ಸಿಟ್ಟಾಗು. ಆದ್ರ ಮೊದಲ ಮಗಳನ್ನ ಕೇಳು.